ದಾರಿ ಬದಲಾದರೆ ಅಳುವ ಮಗು: ಓದುಗರ ಪ್ರಶ್ನೆ, ತಜ್ಞರ ಉತ್ತರ

ಆಟಿಸಂ (ಮಾತು, ಒಡನಾಟದ ರೀತಿ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ), ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆ ಹೆಚ್ಚಿರುವ ಸ್ಥಿತಿ) ಇರುವ ಮಕ್ಕಳು ಒಂದೇ ಪಟ್ಟು ಹಿಡಿದು ಕೂರುತ್ತಾರೆ, ಸಣ್ಣ ಬದಲಾವಣೆಗೂ ಕಂಗಾಲಾಗುತ್ತಾರೆ ಎಂದು ಬಂದ ಪತ್ರಗಳಲ್ಲಿ ಏಳನ್ನು ಆರಿಸಿದ್ದೇವೆ. ಮಕ್ಕಳ ಮನಃಶಾಸ್ತ್ರ, ವಿಶೇಷ ಶಿಕ್ಷಣ ಮತ್ತು ಆಕ್ಯುಪೇಷನಲ್ ಥೆರಪಿ (ದಿನನಿತ್ಯದ ಕೆಲಸ ಮಾಡಿಕೊಳ್ಳಲು ಕಲಿಸುವ ಚಿಕಿತ್ಸೆ) ಬಲ್ಲವರು ಸೇರಿ ಉತ್ತರಿಸಿದ್ದಾರೆ. ಬರೆದವರ ಹೆಸರು ಕೈಬಿಟ್ಟು ಊರು ಮಾತ್ರ ಕೊಟ್ಟಿದ್ದೇವೆ.

ಪ್ರಶ್ನೆ: ಮಗನಿಗೆ 7 ವರ್ಷ, ಆಟಿಸಂ ಇದೆ. ಚಿಕ್ಕ ಚಿಕ್ಕ ವಾಕ್ಯ ಮಾತಾಡುತ್ತಾನೆ. ಶಾಲೆಯ ಆಟೊ ಹೋಗುವ ರಸ್ತೆಯನ್ನು ಒಳಚರಂಡಿ ಕೆಲಸಕ್ಕೆ ಅಗೆದಿದ್ದಾರೆ. ಬೇರೆ ರಸ್ತೆಗೆ ತಿರುಗಿದ ಕೂಡಲೇ ಕಿರುಚಾಟ ಶುರು. ಶಾಲೆ ಮುಟ್ಟಿ ಅರ್ಧ ಗಂಟೆಯಾದರೂ ನಿಲ್ಲುವುದಿಲ್ಲ. ನೀರಿಗೆ ಅದೇ ನೀಲಿ ಲೋಟ, ಊಟಕ್ಕೆ ಅದೇ ಮೂಲೆ. ಬೇಕೆಂತಲೇ ದಿನಕ್ಕೊಂದು ಬದಲಿಸುತ್ತಾ ಹೋದರೆ ರೂಢಿಯಾಗುತ್ತದೆ ಎಂದು ನೆಂಟರು ಹೇಳುತ್ತಾರೆ. ಹಾಗೆ ಮಾಡಬಹುದೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಹೇಳದೆ ಕೇಳದೆ ಬದಲಿಸುವುದು ಬೇಡ. ಅದರಿಂದ ಮಗು ಕಲಿಯುವ ಪಾಠ ಒಂದೇ: ‘ಯಾವಾಗ ಬೇಕಾದರೂ ಏನು ಬೇಕಾದರೂ ಆಗಬಹುದು.’ ಆಮೇಲೆ ಅವನು ಕೈಗೆ ಸಿಕ್ಕಿದ್ದನ್ನೆಲ್ಲ ಇನ್ನೂ ಗಟ್ಟಿಯಾಗಿ ಹಿಡಿಯುತ್ತಾನೆ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು 11 ಮಕ್ಕಳ ಬಗ್ಗೆ ಬರೆದ ಪ್ರಬಂಧದಲ್ಲೇ, ಎಲ್ಲವೂ ಇದ್ದ ಹಾಗೇ ಇರಬೇಕೆಂಬ ಈ ತೀವ್ರ ಹಂಬಲವನ್ನು ಗುರುತಿಸಿದ್ದರು. ಮುಂದೇನು ಎಂದು ಗೊತ್ತಿಲ್ಲದ ಸ್ಥಿತಿಯೇ ಈ ಮಕ್ಕಳಿಗೆ ದೊಡ್ಡ ಭಯ. ಮಾತು, ಗದ್ದಲ, ಮುಖಭಾವ ಎಲ್ಲವೂ ಗೋಜಲಾಗಿ ಬರುವಾಗ ದಿನಾ ಕಾಣುವ ಅದೇ ರಸ್ತೆ ‘ಇವತ್ತೂ ಎಲ್ಲ ಸರಿಯಿದೆ’ ಎನ್ನುವ ಭರವಸೆ. ಆ ಭರವಸೆಗೆ ಬೇರೆ ಆಸರೆ ಕೊಟ್ಟ ಮೇಲೆಯೇ ರಸ್ತೆಯ ಮೇಲಿನ ಹಿಡಿತ ಸಡಿಲವಾಗುವುದು.

ಮೊದಲು ಈ ವಾರದ ಮಾತು. ಸಾಧ್ಯವಾದರೆ ನಾಲ್ಕೈದು ದಿನ ನೀವೂ ಆಟೊದಲ್ಲಿ ಹೋಗಿ, ಅವನಿಗೆ ಇಷ್ಟದ ವಸ್ತು ಕೈಯಲ್ಲಿರಲಿ. ಹೊರಡುವ ಮೊದಲು ಒಂದೇ ಮಾತು, ದಿನವೂ ಅದೇ ಪದಗಳಲ್ಲಿ: ‘ರಸ್ತೆ ಬೇರೆ. ಆಟೊ ಅದೇ. ಆಟೊ ಅಂಕಲ್ ಅದೇ. ಶಾಲೆ ಅದೇ. ಡಬ್ಬಿ ಅದೇ.’ ಬದಲಾಗುವುದು ಒಂದು, ಬದಲಾಗದ್ದು ನಾಲ್ಕು. ಹೆಚ್ಚಿನವರು ಬದಲಾಗುವುದನ್ನು ಮಾತ್ರ ಹೇಳುತ್ತಾರೆ. ಮಗುವಿಗೆ ಬೇಕಾದದ್ದು ಉಳಿದ ನಾಲ್ಕು.

ಜೊತೆಗೇ ಮನೆಯಲ್ಲಿ ಒಂದು ದಿನಚರಿ ಪಟ್ಟಿ ಶುರು ಮಾಡಿ. ಅಂಗೈಯಗಲದ ಉದ್ದನೆಯ ರಟ್ಟು, ಬಟ್ಟೆಯ ಕ್ಲಿಪ್ಪುಗಳು, ಫೋನಿನಲ್ಲಿ ತೆಗೆದು ಪ್ರಿಂಟ್ ಹಾಕಿಸಿದ ಫೋಟೊಗಳು ಸಾಕು. ಫೋಟೊ ನಿಮ್ಮ ಮನೆಯದ್ದೇ ಆಗಿರಲಿ. ಕಾರ್ಟೂನ್ ಆಟೊ ಅವನ ಪಾಲಿಗೆ ‘ನಮ್ಮ ಆಟೊ’ ಅಲ್ಲದಿರಬಹುದು. ಒಮ್ಮೆಗೆ 4 ಅಥವಾ 5 ಚಿತ್ರ, ಅದಕ್ಕಿಂತ ಹೆಚ್ಚು ಬೇಡ. ಮುಗಿದ ಕೆಲಸದ ಚಿತ್ರವನ್ನು ಅವನೇ ತೆಗೆದು ಡಬ್ಬಿಗೆ ಹಾಕಬೇಕು. ಮೊದಲ ವಾರ ಪಟ್ಟಿಯಲ್ಲಿ ಇದ್ದದ್ದು ಇದ್ದ ಹಾಗೇ ನಡೆಯಲಿ. ಆತುರದಿಂದ ಮೊದಲ ದಿನವೇ ಪಟ್ಟಿಯಲ್ಲಿ ಬದಲಾವಣೆ ತಂದರೆ, ಪಟ್ಟಿಯೇ ಕೆಟ್ಟ ಸುದ್ದಿ ತರುವ ವಸ್ತು ಎಂದುಕೊಂಡು ಕಿತ್ತೆಸೆಯುತ್ತಾನೆ.

ಎರಡನೇ ವಾರ ಕಿತ್ತಳೆ ಬಣ್ಣದ ಒಂದು ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ‘ಬದಲಾವಣೆ’ ಎಂದು ಬರೆಯಿರಿ. ಇದರ ಮೊದಲ 8–10 ಬಳಕೆ ಖುಷಿಯ ಬದಲಾವಣೆಗೇ ಮೀಸಲು: ಬಾಳೆಹಣ್ಣಿನ ಬದಲು ಅವನಿಷ್ಟದ ಮಾವಿನ ಹೋಳು, ಸ್ನಾನಕ್ಕೆ ಮುಂಚೆ ಹತ್ತು ನಿಮಿಷ ಉಯ್ಯಾಲೆ. ಎಡವುವುದು ಇಲ್ಲೇ. ಡಾಕ್ಟರ ಹತ್ತಿರ ಹೋಗುವ ದಿನ, ಪಾರ್ಕ್ ರದ್ದಾದ ದಿನ ಮಾತ್ರ ಕಾರ್ಡ್ ಹೊರತೆಗೆದರೆ ಒಂದೇ ವಾರದಲ್ಲಿ ಅವನಿಗೆ ಆ ಬಣ್ಣ ಕಂಡರೇ ಆಗದು. ಮೂರನೇ ವಾರ ಖುಷಿಯೂ ಅಲ್ಲದ ಬೇಸರವೂ ಅಲ್ಲದ ಬದಲಾವಣೆ, ದಿನಕ್ಕೆ ಒಂದು: ಬೇರೆ ಚಪ್ಪಲಿ, ಬೇರೆ ಟವೆಲ್. ತುಸು ಬೇಸರದವು ನಾಲ್ಕನೇ ವಾರಕ್ಕಿರಲಿ.

ರಸ್ತೆಯ ಅಭ್ಯಾಸ ರಜಾದಿನದಲ್ಲಿ. ಹೊಸ ದಾರಿಯಲ್ಲಿ ಮೂರು ಗುರುತು ಆರಿಸಿ – ದೇವಸ್ಥಾನದ ಕಮಾನು, ಪೆಟ್ರೋಲ್ ಬಂಕ್, ಹಸಿರು ಗೇಟು – ಅವುಗಳ ಫೋಟೊ ತೆಗೆದು ಅವನ ಕೈಗೆ ಕೊಡಿ. ಮೊದಲ ಭಾನುವಾರ ಕಮಾನಿನ ತನಕ ಹೋಗಿ ವಾಪಸ್. ಮುಂದಿನ ಭಾನುವಾರ ಶಾಲೆಯ ಗೇಟಿನ ತನಕ. ಗುರುತು ಬಂದಾಗಲೆಲ್ಲ ಅವನು ಫೋಟೊ ಮಡಚಲಿ. ಆಗ ಗೊತ್ತಿಲ್ಲದ ದಾರಿಗೂ ಆದಿ, ನಡು, ಕೊನೆ ಬರುತ್ತದೆ.

ಎಷ್ಟು ಮುಂಚೆ ಹೇಳಬೇಕು ಎಂಬುದು ಮಗುವಿನಿಂದ ಮಗುವಿಗೆ ಬೇರೆ. ಕೆಲವರಿಗೆ ಹಿಂದಿನ ಸಂಜೆಯೇ ಗೊತ್ತಾಗಬೇಕು. ಕೆಲವರು ಸಂಜೆ ಹೇಳಿದರೆ ರಾತ್ರಿಯಿಡೀ ಅದನ್ನೇ ಕೇಳುತ್ತಾ ನಿದ್ದೆಗೆಡುತ್ತಾರೆ. ಅಂಥವರಿಗೆ ಅರ್ಧ ಗಂಟೆ ಮೊದಲು ಸಾಕು. ಎರಡನ್ನೂ ಮಾಡಿ ನೋಡಿ. ಜ್ವರ, ನಿದ್ದೆಗೆಟ್ಟ ರಾತ್ರಿ, ಮಲಬದ್ಧತೆ, ಮನೆ ತುಂಬ ನೆಂಟರು ಇರುವ ದಿನ ಅಭ್ಯಾಸಕ್ಕೆ ರಜೆ. ಒಂದು ಹೆಜ್ಜೆಗೆ ಮೂರು ದಿನ ಸತತ ಅತ್ತರೆ ಹಿಂದಿನ ಹೆಜ್ಜೆಗೆ ಮರಳಿ. ಅತ್ತನೋ ಇಲ್ಲವೋ ಎಂದಷ್ಟೇ ಲೆಕ್ಕ ಇಡಬೇಡಿ. ಸಮಾಧಾನಕ್ಕೆ ಬರಲು ಎಷ್ಟು ನಿಮಿಷ ಹಿಡಿಯಿತು ಎಂದು ಕ್ಯಾಲೆಂಡರಿನ ಮೇಲೆ ಬರೆದಿಡಿ. ಅರ್ಧ ಗಂಟೆ ಇದ್ದದ್ದು ಇಪ್ಪತ್ತು ನಿಮಿಷಕ್ಕೆ ಇಳಿದರೆ ಅದು ನಿಜವಾದ ಗೆಲುವು, ಬರೆದಿಡದಿದ್ದರೆ ನಿಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಕಿರುಚಾಟ ಏರಿದ ಹೊತ್ತಿನಲ್ಲಿ ಪಾಠ ಬೇಡ, ಪ್ರಶ್ನೆಯೂ ಬೇಡ. ಮಾತು ಕಡಿಮೆ, ಗದ್ದಲ ಕಡಿಮೆ, ಅವನಿಗೆ ಹಿತವೆನಿಸಿದರೆ ಮಾತ್ರ ಸ್ಪರ್ಶ. ಕಲಿಕೆಯೆಲ್ಲ ನೆಮ್ಮದಿಯ ಹೊತ್ತಿನದ್ದು. ದೊಡ್ಡವರು ತಮ್ಮ ಯೋಜನೆ ಕೆಟ್ಟಾಗ ಅವನ ಕಿವಿಗೆ ಬೀಳುವಂತೆ ಹೇಳಿಕೊಳ್ಳಿ: ‘ಹಾಲು ಒಡೆದುಹೋಯ್ತು. ಪ್ಲಾನ್ ಒಂದು ಕಾಫಿ, ಆಗಲಿಲ್ಲ. ಪ್ಲಾನ್ ಎರಡು ಕಷಾಯ.’ ದಿನಕ್ಕೆರಡು ಬಾರಿ ಇದು ಕಿವಿಗೆ ಬಿದ್ದರೆ, ಒಂದು ದಿನ ‘ಪ್ಲಾನ್ ಎರಡು’ ಎಂಬ ಮಾತು ಅವನ ಬಾಯಿಂದಲೂ ಬರಬಹುದು.

ಇನ್ನು ನೀಲಿ ಲೋಟ, ಊಟದ ಮೂಲೆ. ಅದರಿಂದ ಅವನಿಗೆ ಹಾನಿ ಇದೆಯೇ? ಅವನು ಆಸೆಪಡುವ ಯಾವುದಾದರೂ ತಪ್ಪಿಹೋಗುತ್ತಿದೆಯೇ? ಮನೆಯವರ ಕೈಕಾಲು ಕಟ್ಟಿದಂತಾಗಿದೆಯೇ? ಮೂರಕ್ಕೂ ಇಲ್ಲ ಎಂದಾದರೆ ಬಿಟ್ಟುಬಿಡಿ. ಹೊರಗೆ ಬಾಗಬೇಕಾದ ಮಗುವಿಗೆ ಮನೆಯಲ್ಲಿ ಒರಗಲು ಒಂದಷ್ಟು ಕಂಬ ಬೇಕು. ಅಂಗಡಿಯಲ್ಲಿ ಸಿಗುವಾಗಲೇ ಅಂಥದೇ ಇನ್ನೊಂದು ನೀಲಿ ಲೋಟ ತಂದಿಟ್ಟುಕೊಳ್ಳಿ.

ಪ್ರಶ್ನೆ: ಮೊಮ್ಮಗನಿಗೆ 6 ವರ್ಷ. ಹೇಳಿದ ಹಾಗೆ ನಡೆಯದಿದ್ದರೆ ನೆಲದಲ್ಲಿ ಹೊರಳಾಡುತ್ತಾನೆ. ಸೊಸೆ ಚಿತ್ರದ ಕಾರ್ಡು ಹಿಡಿದು ಓಡಾಡುತ್ತಾಳೆ. ನಾನು ನಾಲ್ಕು ಮಕ್ಕಳನ್ನು ಸಾಕಿದವಳು. ನಮ್ಮ ಕಾಲದಲ್ಲಿ ಎರಡು ಪೆಟ್ಟು ಬಿದ್ದರೆ ಹಠ ಬಿಡುತ್ತಿದ್ದವು. ಇದು ಮುದ್ದು ಹೆಚ್ಚಾಗಿ ಆದದ್ದಲ್ಲವೇ?
– ಒಬ್ಬ ಅಜ್ಜಿ, ಶಿರಸಿ

ಉತ್ತರ: ಅಮ್ಮಾ, ಹಠವೂ ಇರುತ್ತದೆ, ಹಠವಲ್ಲದ್ದೂ ಇರುತ್ತದೆ. ಗುರುತಿಸುವುದನ್ನು ನಿಮ್ಮಷ್ಟು ಚೆನ್ನಾಗಿ ಬೇರೆಯವರು ಮಾಡಲಾರರು, ಏಕೆಂದರೆ ನಾಲ್ಕು ಮಕ್ಕಳ ಹಠ ನೋಡಿದವರು ನೀವು. ಹಠ ಮಾಡುವ ಮಗು ನಡುನಡುವೆ ಓರೆಗಣ್ಣಲ್ಲಿ ನಿಮ್ಮನ್ನು ನೋಡುತ್ತದೆ, ನೋಡುವವರು ಎದ್ದುಹೋದರೆ ಸದ್ದು ಇಳಿಯುತ್ತದೆ, ಕೇಳಿದ್ದು ಸಿಕ್ಕ ಕೂಡಲೇ ಕಣ್ಣೀರು ಒಣಗುತ್ತದೆ. ಇನ್ನೊಂದರಲ್ಲಿ ಕೇಳಿದ್ದನ್ನೇ ತಂದು ಕೈಗಿಟ್ಟರೂ ಅಳು ನಿಲ್ಲದು. ಮೈ ಬಿಸಿಯೇರಿ ಬೆವರುತ್ತದೆ, ಕಿವಿ ಮುಚ್ಚಿಕೊಳ್ಳುತ್ತಾನೆ, ಮುಗಿದ ಮೇಲೆ ಸುಸ್ತಾಗಿ ಮಲಗಿಬಿಡುತ್ತಾನೆ. ಇದನ್ನು ಮೆಲ್ಟ್‌ಡೌನ್ ಎನ್ನುತ್ತಾರೆ. ಒಂದೇ ಮಗುವಿನಲ್ಲಿ ಹಠವಾಗಿ ಶುರುವಾದದ್ದು ಮೆಲ್ಟ್‌ಡೌನ್ ಆಗಿ ಮುಗಿಯುವುದೂ ಉಂಟು, ಅದಕ್ಕೇ ಮನೆಯಲ್ಲಿ ಇಷ್ಟೊಂದು ವಾದ.

ಪೆಟ್ಟು ಕೊಟ್ಟರೆ ಸದ್ದು ನಿಲ್ಲಬಹುದು. ಆದರೆ ಮುಂದಿನ ಸಲ ಬದಲಾವಣೆಯ ಭಯದ ಜೊತೆ ಪೆಟ್ಟಿನ ಭಯವೂ ಸೇರಿ ಅವನು ಬೇಗ ಕುಸಿಯುತ್ತಾನೆ. ಬಾಗುವ ದಾರಿ ಮಾತ್ರ ಅವನಿಗೆ ಆಗಲೂ ತಿಳಿದಿರುವುದಿಲ್ಲ.

ಸೊಸೆಯ ಕಾರ್ಡಿಗಿಂತ ಒಳ್ಳೆಯ ಸಾಧನ ನಿಮ್ಮ ಹತ್ತಿರವೇ ಇದೆ: ಕಥೆ. ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ತೆಗೆದುಕೊಳ್ಳಿ. ಐದಾರು ರಾತ್ರಿ ಒಂದಕ್ಷರ ಬದಲಿಸದೆ ಹೇಳಿ. ಇಂಥ ಮಕ್ಕಳು ಒಂದು ಪದ ತಪ್ಪಿದರೂ ತಿದ್ದುತ್ತಾರೆ, ತಿದ್ದಲಿ. ಕಥೆ ಅವನಿಗೆ ಬಾಯಿಪಾಠವಾದ ಮೇಲೆ ಒಂದು ರಾತ್ರಿ ಮೊದಲೇ ಹೇಳಿ, ‘ಇವತ್ತು ಒಂದೇ ಒಂದು ಕಡೆ ಬದಲು. ಮಳೆಯ ಬದಲು ಗಾಳಿ ಬಂದು ಕಾಗಕ್ಕನ ಮನೆ ಹೋಗುತ್ತದೆ. ಉಳಿದದ್ದೆಲ್ಲ ಅದೇ.’ ಬೇಡವೆಂದರೆ ಒತ್ತಾಯ ಬೇಡ, ಎರಡು ದಿನ ಬಿಟ್ಟು ಮತ್ತೆ ಕೇಳಿ. ಒಪ್ಪಿದ ಮೇಲೆ ಮುಂದಿನ ಬದಲಾವಣೆ ಅವನೇ ಆರಿಸಲಿ. ಆಮೇಲೆ ಕೇಳಿ, ‘ಮನೆ ಹೋದ ಮೇಲೆ ಕಾಗಕ್ಕ ಇನ್ನೇನು ಮಾಡಬಹುದಿತ್ತು?’ ಮೂರು ಉತ್ತರ ಬರಬೇಕು. ಮೊದಲನೆಯದನ್ನು ಅವನು, ಎರಡನೆಯದನ್ನು ನೀವು, ಮೂರನೆಯದನ್ನು ಮತ್ತೆ ಅವನು. ವಿಚಿತ್ರ ಉತ್ತರವೂ ಲೆಕ್ಕಕ್ಕೆ ಸೇರುತ್ತದೆ. ಒಂದು ಕಷ್ಟಕ್ಕೆ ಮೂರು ದಾರಿ ಹುಡುಕುವುದನ್ನೇ ಥೆರಪಿಯಲ್ಲೂ ಕಲಿಸುತ್ತಾರೆ, ಆದರೆ ಅಲ್ಲಿ ಅಜ್ಜಿಯ ತೊಡೆ ಇರುವುದಿಲ್ಲ.

ಪ್ರಶ್ನೆ: ಮಗಳಿಗೆ 10 ವರ್ಷ, ಎಡಿಎಚ್‌ಡಿ ಅಂತ ಡಾಕ್ಟರ್ ಹೇಳ್ಯಾರ, ಬೆಳಿಗ್ಗೆ ಗುಳಿಗಿ ನಡದದ. ಸಂಜಿ ಏಳಕ್ಕ ಭಾಗಾಕಾರ ಹೇಳಿಕೊಡಾಕ ಕುಂತ್ರ ‘ನಮ್ಮ ಟೀಚರ್ ಹಿಂಗ ಹೇಳಿಲ್ಲ’ ಅಂತ ಅಳ್ತಾಳ. ಒಂದು ಅಂಕಿ ತಪ್ಪಿದ್ರ ಹಾಳಿ ಹರಿಯೂತನಕ ರಬ್ಬರ್ ಉಜ್ಜತಾಳ. ಟ್ಯಾಬ್ ಇಸಕೊಂಡ್ರಂತೂ ಯುದ್ಧನ.
– ಒಬ್ಬ ತಂದೆ, ಹುಬ್ಬಳ್ಳಿ

ಉತ್ತರ: ಮಿದುಳಿನ ಮೂರು ಕೆಲಸಗಳು ಇಲ್ಲಿ ಒಟ್ಟಿಗೆ ಬೇಕು: ಹೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಡುವುದು, ಶುರುವಾದದ್ದನ್ನು ತಡೆಯುವುದು, ಒಂದರಿಂದ ಇನ್ನೊಂದಕ್ಕೆ ಹೊರಳುವುದು. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಎಷ್ಟೋ ಸಲ ಸೋಲುವುದು ಮೊದಲ ಎರಡು. ಟೀಚರ್ ಹೇಳಿದ ಕ್ರಮವನ್ನು ಹಿಡಿದಿಟ್ಟುಕೊಳ್ಳಲೇ ಅವಳ ಶಕ್ತಿಯೆಲ್ಲ ಖರ್ಚಾಗಿರುತ್ತದೆ. ಅದರ ಮೇಲೆ ನಿಮ್ಮ ಕ್ರಮ ಬಂದರೆ ಎರಡೂ ಕಲಸಿಹೋಗುತ್ತವೆ. ಹೊರಗಿನಿಂದ ನೋಡಿದವರಿಗೆ ಅದು ಹಠ. ಆದ್ದರಿಂದ ಹೋಂವರ್ಕಿನ ಹೊತ್ತಿನಲ್ಲಿ ಎರಡನೇ ಕ್ರಮ ಬೇಡ. ಅವಳ ನೋಟ್ ಬುಕ್ ನೋಡಿ ಟೀಚರ್ ಕ್ರಮವನ್ನು ನೀವು ಕಲಿಯಿರಿ. ಹೆಜ್ಜೆಗಳನ್ನು ಒಂದು ಚೀಟಿಯಲ್ಲಿ ಬರೆದು ಕಣ್ಣೆದುರು ಇಡಿ.

ಗುಳಿಗೆಯ ಹೊತ್ತನ್ನೂ ನೋಡಬೇಕು. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್ ಎಂಬ ಔಷಧದ ಸಾಮಾನ್ಯ ಗುಳಿಗೆಯಾದರೆ ಸುಮಾರು 4 ಗಂಟೆ ಕೆಲಸ ಮಾಡುತ್ತದೆ. ಬೆಳಿಗ್ಗೆ ಕೊಟ್ಟದ್ದು ಸಂಜೆ ಏಳಕ್ಕೆ ಉಳಿದಿರುವುದಿಲ್ಲ, ಇಳಿಯುವ ಹೊತ್ತಿನಲ್ಲಿ ಕೆಲವು ಮಕ್ಕಳಿಗೆ ಸಿಡಿಮಿಡಿ ಹೆಚ್ಚು. ಪ್ರಮಾಣವನ್ನಾಗಲಿ ಹೊತ್ತನ್ನಾಗಲಿ ನೀವಾಗಿ ಬದಲಿಸಬೇಡಿ. ಹೋಂವರ್ಕ್ ಎಷ್ಟು ಗಂಟೆಗೆ, ಅಳು ಎಷ್ಟು ಗಂಟೆಗೆ ಎಂದು ಎರಡು ವಾರ ಬರೆದು ಡಾಕ್ಟರಿಗೆ ತೋರಿಸಿ. ಶಾಲೆಯಿಂದ ಬಂದು ತಿಂದು ಆಡಿದ ಮೇಲೆ, ಐದೂವರೆಗೇ ಲೆಕ್ಕ ಮುಗಿಸಲು ಆಗುತ್ತದೆಯೇ ನೋಡಿ.

ರಬ್ಬರಿಗೆ ಬದಲಾಗಿ ಒಂದು ರಫ್ ಪುಸ್ತಕ ಕೊಡಿ. ಅದರಲ್ಲಿ ರಬ್ಬರ್ ಇಲ್ಲ: ತಪ್ಪಿನ ಮೇಲೆ ಒಂದು ಗೆರೆ, ಪಕ್ಕದಲ್ಲಿ ಸರಿ ಅಂಕಿ, ಮುಂದಕ್ಕೆ. ಮೊದಲ ವಾರ ತಪ್ಪುವವರು ನೀವು. ಅವಳೆದುರು ಲೆಕ್ಕ ಮಾಡುತ್ತಾ ತಪ್ಪಿ, ಗೆರೆ ಎಳೆದು, ‘ಒಂದು ಗೆರೆ, ಮುಂದಕ್ಕೆ’ ಎಂದು ಜೋರಾಗಿ ಹೇಳಿ. ಶಾಲೆಯ ನೋಟ್ಸಿನಲ್ಲಿ ಗೆರೆ ಎಳೆದರೆ ಅಂಕ ಕಡಿಯದಂತೆ ಟೀಚರ್ ಹತ್ತಿರ ಮೊದಲೇ ಮಾತಾಡಿ, ಇಲ್ಲವಾದರೆ ಮನೆಯಲ್ಲಿ ಕಲಿತದ್ದು ಶಾಲೆಯಲ್ಲಿ ಅಳಿಸಿಹೋಗುತ್ತದೆ.

ಹೊರಳುವ ಅಭ್ಯಾಸಕ್ಕೆ ಇಸ್ಪೀಟು ಎಲೆ ಸಾಕು. 24 ಎಲೆ, ದಿನಕ್ಕೆ 5 ನಿಮಿಷ. ಮೊದಲು ಬಣ್ಣದಂತೆ ಎರಡು ಗುಂಪು, ಕೆಂಪು ಮತ್ತು ಕಪ್ಪು. ಆರು ಎಲೆಯಾದ ಮೇಲೆ ‘ಈಗ ಬದಲಿ’ ಎಂದು ಹೇಳಿ ‘ಸಮ–ಬೆಸ’ ಎಂದು ಬರೆದ ಚೀಟಿ ಎದುರಿಗಿಡಿ. ಎರಡನೇ ವಾರ ಚೀಟಿ ತೆಗೆಯಿರಿ. ಮೂರನೇ ವಾರ ಮೂರು ಅಥವಾ ನಾಲ್ಕು ಎಲೆಗೊಮ್ಮೆ ಬದಲಿಸಿ. ನಾಲ್ಕನೇ ವಾರ ಬದಲಿ ಕೂಗುವವಳು ಅವಳು, ಹೊರಳುವವರು ನೀವು. ಆದರೆ ಎಲೆಯಾಟದಲ್ಲಿ ಚುರುಕಾದ ಮಾತ್ರಕ್ಕೆ ಲೆಕ್ಕದಲ್ಲಿ ಹೊರಳುವುದು ತಾನಾಗಿ ಬರುವುದಿಲ್ಲ. ‘ಈಗ ಬದಲಿ’ ಎಂಬ ಅದೇ ಮಾತನ್ನು ಊಟಕ್ಕೆ ಕರೆಯುವಾಗ, ಕನ್ನಡ ಮುಗಿಸಿ ಗಣಿತ ತೆಗೆಯುವಾಗ ಬಳಸಬೇಕು. ಆಟವನ್ನು ಜೀವನಕ್ಕೆ ಜೋಡಿಸುವ ದಾರ ಆ ಮಾತು.

ಟ್ಯಾಬ್ ಕಸಿಯುವ ಹೊತ್ತನ್ನು ಗಡಿಯಾರಕ್ಕಿಂತ ಆಟಕ್ಕೆ ಹೊಂದಿಸಿ: ‘ಈ ಲೆವೆಲ್ ಮುಗಿದ ಮೇಲೆ.’ ನಡುವೆ ನಿಲ್ಲಿಸಿದ ಆಟ ಅವಳ ತಲೆಯಲ್ಲಿ ಓಡುತ್ತಲೇ ಇರುತ್ತದೆ. ನಿಲ್ಲಿಸಲು ಹತ್ತು ನಿಮಿಷ ಇರುವಾಗ ಒಮ್ಮೆ, ಎರಡು ನಿಮಿಷ ಇರುವಾಗ ಇನ್ನೊಮ್ಮೆ ಮುನ್ಸೂಚನೆ. ದೂರದಿಂದ ಕೂಗದೆ ಹತ್ತಿರ ಬಂದು ಪರದೆಯ ಪಕ್ಕ ಕೈಯಿಟ್ಟು ಹೇಳಿ. ಟ್ಯಾಬಿನಿಂದ ನೇರ ಭಾಗಾಕಾರಕ್ಕೆ ದೂಡಬೇಡಿ. ನಡುವೆ ಮೈ ಆಡಿಸುವ ಐದು ನಿಮಿಷ ಇರಲಿ, ಬಟ್ಟೆ ಒಣಹಾಕುವುದಾದರೂ ಸರಿ.

ಪ್ರಶ್ನೆ: 8 ವರ್ಷದ ಮಗ ಚೌಕಾಬಾರದಲ್ಲಿ ಸೋತರೆ ಕಾಯಿ ಎಲ್ಲ ಚೆಲ್ಲುತ್ತಾನೆ. ತಾನು ಹೇಳಿದ್ದೇ ನಿಯಮ. ಅಕ್ಕ ಈಗ ಅವನ ಜೊತೆ ಆಡುವುದೇ ಇಲ್ಲ.
– ಮಂಡ್ಯ

ಉತ್ತರ: ಚೌಕಾಬಾರ ಈ ಮಗುವಿಗೆ ಹೇಳಿ ಮಾಡಿಸಿದ ಆಟ, ಆದರೆ ಇಡೀ ಆಟವನ್ನು ಮೊದಲ ದಿನವೇ ಆಡಿದರೆ ಭಾರ. 25 ಮನೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ, ಮುಕ್ಕಾಲು ಗಂಟೆ. ಗೆಲ್ಲುವ ಹೊತ್ತಿಗೆ ಕಾಯಿ ಹೊಡೆಸಿಕೊಂಡು ಮತ್ತೆ ಮೊದಲಿಗೆ. ಸೋಲುವ ಮುನ್ನವೇ ಹತ್ತು ಸಲ ಸೋತಂತೆ ಆಗುತ್ತದೆ. ಮೊದಲ ವಾರ ಒಬ್ಬರಿಗೆ ಒಂದೇ ಕಾಯಿ, ಹೊಡೆಯುವುದು ಇಲ್ಲ. ಐದು ನಿಮಿಷದಲ್ಲಿ ಆಟ ಮುಗಿಯಬೇಕು, ಕೂಡಲೇ ಇನ್ನೊಂದು ಶುರುವಾಗಬೇಕು. ಸೋಲಿನ ಕಹಿ ಹೋಗುವುದು ಮರು ಆಟದಿಂದ. ಎರಡನೇ ವಾರ ಎರಡು ಕಾಯಿ. ಹೊಡೆಯುವ ನಿಯಮ ಮೂರನೇ ವಾರಕ್ಕೆ, ಅದೂ ಮೊದಲು ನಿಮ್ಮ ಕಾಯಿಯನ್ನು ಅವನು ಹೊಡೆಯುವಂತೆ.

ಕವಡೆ ಮುಟ್ಟುವ ಮೊದಲೇ ಕೇಳಿ: ‘ಸೋತರೆ ಏನು ಹೇಳ್ತೀಯ? ಏನು ಮಾಡ್ತೀಯ?’ ಉತ್ತರವನ್ನು ಅವನೇ ಆರಿಸಲಿ. ‘ಇನ್ನೊಂದು ಆಟ’ ಎಂದು ಹೇಳಿ ಒಂದು ಗುಟುಕು ನೀರು ಕುಡಿಯುವುದು ಚೆನ್ನಾಗಿ ನಡೆಯುತ್ತದೆ, ಏಕೆಂದರೆ ಚೆಲ್ಲುವ ಕೈಗೆ ಬೇರೆ ಕೆಲಸ ಸಿಗುತ್ತದೆ. ಪ್ರತಿ ಸಲ ಅವನಿಗೇ ಗೆಲ್ಲಲು ಬಿಟ್ಟರೆ ಅಭ್ಯಾಸವೇ ಆಗದು. ಮೂರು ಆಟಕ್ಕೆ ಒಂದು ಸೋಲು ಆರಂಭಕ್ಕೆ ಸಾಕು ಎಂಬುದು ನಮ್ಮ ಎಣಿಕೆ.

ನಿಯಮ ತನ್ನದೇ ಆಗಬೇಕೆಂಬ ಆಸೆಗೂ ಜಾಗ ಕೊಡಿ. ಆರು ಚೀಟಿಯಲ್ಲಿ ಆರು ತಮಾಷೆಯ ನಿಯಮ ಬರೆಯಿರಿ, ಮೂರು ಅವನವು, ಮೂರು ಅಕ್ಕನವು: ‘ಬಾರ ಬಿದ್ದರೆ 8ರ ಬದಲು 2 ಮನೆ’, ‘ಈ ಆಟದಲ್ಲಿ ಎಡಗೈಯಲ್ಲೇ ಕವಡೆ’, ‘ಮೂರನೇ ಸರದಿಗೆ ಕಾಯಿ ಅದಲುಬದಲು’. ಆಟಕ್ಕೊಂದು ಚೀಟಿ, ಒಮ್ಮೆ ಅವನು ಎತ್ತಿದರೆ ಮುಂದಿನ ಸಲ ಅಕ್ಕ. ಆಟ ಶುರುವಾದ ಮೇಲೆ ಹೊಸ ನಿಯಮ ಇಲ್ಲ, ಈ ಒಂದು ಬೇಲಿ ಗಟ್ಟಿಯಾಗಿರಲಿ. ಅಕ್ಕನಿಗೆ ‘ಇವತ್ತು ಆಡುವ ಮನಸ್ಸಿಲ್ಲ’ ಎನ್ನುವ ಹಕ್ಕೂ ಇರಲಿ. ಅವಳೂ ಮಗುವೇ.

ಪ್ರಶ್ನೆ: 5 ವರ್ಷದ ಮಗಳು ಮೊಸರನ್ನ, ಸಾದಾ ದೋಸೆ, ಒಂದೇ ಕಂಪನಿಯ ಬಿಸ್ಕತ್ತು ಬಿಟ್ಟು ಏನೂ ಮುಟ್ಟುವುದಿಲ್ಲ. ಮೊಸರನ್ನದಲ್ಲಿ ತರಕಾರಿ ಅರೆದು ಸೇರಿಸಲೇ?
– ಉಡುಪಿ

ಉತ್ತರ: ಸೇರಿಸಬೇಡಿ, ಔಷಧವನ್ನೂ ಅದರಲ್ಲಿ ಬೆರೆಸಬೇಡಿ. ಕಂಡುಹಿಡಿದರೆ ಮೊಸರನ್ನವೂ ಕೈತಪ್ಪುತ್ತದೆ, ಆಗ ಉಳಿಯುವುದು ಎರಡೇ. ಬದಲಾವಣೆ ಅವಳು ನಂಬಿದ ತಿನಿಸಿನ ಪಕ್ಕದಿಂದ ಶುರುವಾಗಲಿ, ಒಮ್ಮೆಗೆ ಒಂದೇ ಗುಣ. ದೋಸೆಯನ್ನು ಮೊದಲು ಆಕಾರದಲ್ಲಿ ಬದಲಿಸಿ: ದುಂಡಗಿನದ್ದನ್ನು ಅವಳೆದುರೇ ಎರಡಾಗಿ ಕತ್ತರಿಸಿ, ಮುಂದೆ ತ್ರಿಕೋನ. ಆಮೇಲೆ ದಪ್ಪ, ಸೆಟ್ ದೋಸೆಯ ಹಾಗೆ. ಆಮೇಲೆ ಮೃದುತನ, ನೀರುದೋಸೆ. ಬಣ್ಣ ಮತ್ತು ರುಚಿ ಕೊನೆಗೆ. ಹೊಸದಕ್ಕೆ ಬೇರೆಯೇ ಪುಟ್ಟ ತಟ್ಟೆ, ಅದರಲ್ಲಿ ಉಗುರಿನಷ್ಟು. ನೋಡಿದರೆ ಸಾಕು, ಮುಟ್ಟಿದರೆ ಇನ್ನೂ ಒಳ್ಳೆಯದು, ಮೂಸಿ ನೆಕ್ಕಿ ಉಗಿದರೂ ಅದು ಮುನ್ನಡೆ. ಒಂದು ತಿನಿಸು ಬಾಯಿಗೆ ಒಗ್ಗಲು ಹತ್ತು–ಹದಿನೈದು ಸಲ, ಈ ಮಕ್ಕಳಿಗೆ ಅದಕ್ಕಿಂತ ಹೆಚ್ಚೂ ಬೇಕಾಗುತ್ತದೆ. ಎರಡು ಸಲಕ್ಕೆ ಕೈಬಿಡಬೇಡಿ.

ಬಿಸ್ಕತ್ತನ್ನು ಈಗಿನಿಂದಲೇ ಪೊಟ್ಟಣದಿಂದ ತೆಗೆದು ಡಬ್ಬಿಗೆ ಹಾಕಿ ಕೊಡಿ. ಕಂಪನಿ ಹೊದಿಕೆಯ ಬಣ್ಣ ಬದಲಿಸಿದ ದಿನ ಇಡೀ ಬಿಸ್ಕತ್ತನ್ನೇ ಬಿಟ್ಟ ಮಕ್ಕಳಿದ್ದಾರೆ. ತೂಕ ಇಳಿಯುತ್ತಿದ್ದರೆ, ನುಂಗುವಾಗ ಉಸಿರು ಸಿಕ್ಕಿಕೊಂಡರೆ, ತಿನ್ನುತ್ತಿದ್ದ ಮೂರರಲ್ಲಿ ಒಂದನ್ನು ಬಿಟ್ಟರೆ ಕಾಯದೆ ಮಕ್ಕಳ ವೈದ್ಯರನ್ನು ಕಾಣಿ.

ಪ್ರಶ್ನೆ: ನಾನು ಸರ್ಕಾರಿ ಶಾಲೆಯ ಮೇಷ್ಟ್ರು. ನಾಲ್ಕನೇ ತರಗತಿಯಲ್ಲಿ 38 ಮಕ್ಕಳು, ಒಬ್ಬನಿಗೆ ಆಟಿಸಂ. ಪಿರಿಯಡ್ ಬದಲಾದರೆ, ನಾನು ರಜೆ ಹಾಕಿದರೆ ಅವನನ್ನು ಸಂಭಾಳಿಸುವುದು ಕಷ್ಟ. ಒಬ್ಬನಿಗಾಗಿ ಎಷ್ಟು ಮಾಡಲು ಸಾಧ್ಯ?
– ಕೊಪ್ಪಳ

ಉತ್ತರ: ದಿನಕ್ಕೆ ಐದು ನಿಮಿಷ ಸಾಕು, ಅದರ ಲಾಭ ಉಳಿದ 37 ಮಕ್ಕಳಿಗೂ ಇದೆ. ಕಪ್ಪುಹಲಗೆಯ ಒಂದೇ ಮೂಲೆಯಲ್ಲಿ ದಿನವೂ ಆ ದಿನದ ಕ್ರಮ ಬರೆಯಿರಿ. ಮುಗಿದದ್ದಕ್ಕೆ ಗೆರೆ ಎಳೆಯುವ ಕೆಲಸ ಅವನದ್ದು. ಬದಲಾವಣೆ ಇದ್ದರೆ ಹಳೆಯದನ್ನು ಒರೆಸಿ ಹೊಸದನ್ನು ಬರೆಯಬೇಡಿ. ಒರೆಸಿದರೆ ಅವನ ಪಾಲಿಗೆ ಅದು ಕಳೆದುಹೋಯಿತು. ಹಳೆಯದರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಬಣ್ಣದ ಚಾಕಿನಿಂದ ಹೊಸದನ್ನೂ, ಹಳೆಯದು ಯಾವಾಗ ಬರುತ್ತದೆ ಎಂಬುದನ್ನೂ ಬರೆಯಿರಿ: ‘ಆಟ – ನಾಳೆ 3ಕ್ಕೆ.’ ಬಿಸಿಯೂಟ ತಡವಾದ ದಿನ, ಮೊಟ್ಟೆಯ ಬದಲು ಬಾಳೆಹಣ್ಣು ಬಂದ ದಿನ ಹತ್ತು ನಿಮಿಷ ಮೊದಲು ಅವನ ಬೆಂಚಿನ ಹತ್ತಿರ ಹೋಗಿ ಮೆತ್ತಗೆ ಹೇಳಿ.

ರಜೆಗೆ ಮೊದಲೇ ಅರ್ಧ ಹಾಳೆ ಬರೆದು ಹಾಜರಿ ಪುಸ್ತಕದಲ್ಲಿಡಿ. ಅವನ ಜಾಗ ಯಾವುದು, ಯಾವ ಸದ್ದು ಆಗದು, ಕಳವಳವಾದಾಗ ಎಲ್ಲಿ ಕೂರುತ್ತಾನೆ, ಯಾರ ಜೊತೆ ಸರಿಹೋಗುತ್ತಾನೆ ಎಂಬಷ್ಟು ಅದರಲ್ಲಿದ್ದರೆ ಬದಲಿ ಶಿಕ್ಷಕರ ಅರ್ಧ ಕಷ್ಟ ಇಳಿಯುತ್ತದೆ. ವರಾಂಡದ ಒಂದು ಮೂಲೆ ಅವನ ತಣ್ಣಗಾಗುವ ಜಾಗವಾಗಲಿ. ಅದು ಶಿಕ್ಷೆಯ ಮೂಲೆಯಾಗಬಾರದು, ಬೇರೆ ಮಕ್ಕಳನ್ನು ಅಲ್ಲಿ ನಿಲ್ಲಿಸಲೂಬಾರದು. ಆಟಿಸಂ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಒಂದು. ಮಗುವಿಗೆ ಅಗತ್ಯವಿರುವ ಇಂಥ ಹೊಂದಾಣಿಕೆ ಮಾಡಿಕೊಡುವುದು ಶಾಲೆಯ ಹೊಣೆ ಎಂದು ಆ ಕಾಯ್ದೆ ಹೇಳುತ್ತದೆ. ಮುಖ್ಯೋಪಾಧ್ಯಾಯರ ಜೊತೆ ಮಾತಾಡುವಾಗ ಈ ಮಾತು ನಿಮ್ಮ ಬೆನ್ನಿಗಿರಲಿ.

ಪ್ರಶ್ನೆ: 14 ವರ್ಷದ ಮಗಳಿಗೆ ಆಟಿಸಂ, ಓದಿನಲ್ಲಿ ಮುಂದು. ಗೆಳತಿ ಒಂದು ಮೆಸೇಜಿಗೆ ಉತ್ತರ ಕೊಡದಿದ್ದರೆ ‘ಅವಳಿಗೆ ನಾನು ಬೇಡ’ ಎಂದು ಸ್ನೇಹವನ್ನೇ ಮುರಿಯುತ್ತಾಳೆ. ಇತ್ತೀಚೆಗೆ ಕೋಣೆ ಬಿಟ್ಟು ಬರುವುದು ಕಡಿಮೆ. ಇದಕ್ಕೆ ಔಷಧ ಇದೆಯೇ?
– ಬೆಂಗಳೂರು

ಉತ್ತರ: ‘ಹಾಗೆಲ್ಲ ಏನೂ ಇಲ್ಲ, ಸುಮ್ಮನೆ ಯೋಚಿಸಬೇಡ’ ಎಂದರೆ ಅವಳಿಗೆ ಇನ್ನೊಂದು ಬಾಗಿಲು ಮುಚ್ಚಿದ ಹಾಗೆ. ಮೊದಲು ನೋವನ್ನು ಒಪ್ಪಿಕೊಳ್ಳಿ: ‘ಉತ್ತರ ಬರದಿದ್ದರೆ ಸಂಕಟ ಆಗುತ್ತೆ.’ ಒಂದು ಗಂಟೆ ಬಿಟ್ಟು, ಅವಳು ತಣ್ಣಗಾದ ಮೇಲೆ, ಹಾಳೆಯ ನಡುವೆ ನಡೆದದ್ದನ್ನಷ್ಟೇ ಬರೆಯಿರಿ: ‘ಸಂಜೆ 6ಕ್ಕೆ ಮೆಸೇಜ್ ಕಳಿಸಿದೆ. 9ರ ತನಕ ಉತ್ತರ ಇಲ್ಲ.’ ಸುತ್ತ ನಾಲ್ಕು ಕಾರಣ ಬರೆಯಲಿ. ‘ನಾನು ಬೇಡ’ ಎಂಬುದೂ ಒಂದಾಗಿ ಇರಲಿ, ಅದನ್ನು ಅಳಿಸಬೇಡಿ. ಉಳಿದ ಮೂರು ಟ್ಯೂಷನ್, ಫೋನ್ ಚಾರ್ಜ್, ಮನೆಯವರ ಗದರಿಕೆ ಏನಾದರೂ ಆಗಬಹುದು. ಯಾವುದು ನಿಜ ಎಂದು ತಿಳಿಯಲು ಏನು ಮಾಡಬಹುದು, ಎಷ್ಟು ಹೊತ್ತು ಕಾಯಬಹುದು ಎಂದು ಅವಳೇ ಬರೆಯಲಿ. ‘ನಾಳೆ ಶಾಲೆಯಲ್ಲಿ ಕೇಳುತ್ತೇನೆ’ ಎಂಬ ಒಂದು ಸಾಲು ಬಂದರೆ ಆ ರಾತ್ರಿಯ ಮಟ್ಟಿಗೆ ಸಾಕು. ಕೆಲವು ಸಲ ನಿಜವಾದ ಕಾರಣ ‘ನಾನು ಬೇಡ’ ಎಂಬುದೇ ಆಗಿರುತ್ತದೆ. ಆಗ ಅದನ್ನು ಒಪ್ಪಿ ಜೊತೆಗೆ ನಿಲ್ಲಬೇಕು. ಎಲ್ಲ ನೋವೂ ತಪ್ಪು ಯೋಚನೆಯಲ್ಲ.

ಸಮಸ್ಯೆಯ ಗಾತ್ರ ಅಳೆಯಲು 1ರಿಂದ 5ರ ಏಣಿ ಮಾಡಿ. ಏಣಿಯ ಮೆಟ್ಟಿಲಿಗೆ ಉದಾಹರಣೆ ಅವಳದ್ದೇ ಬದುಕಿನಿಂದ ಬರಲಿ: 1 ಪೆನ್ನಿನ ಇಂಕು ಮುಗಿಯುವುದು, 3 ಪ್ರಾಜೆಕ್ಟ್ ಮನೆಯಲ್ಲಿ ಮರೆತದ್ದು, 5 ಯಾರಾದರೂ ಆಸ್ಪತ್ರೆಗೆ ಸೇರುವುದು. ಮೆಟ್ಟಿಲು ಹೇಳುವವಳು ಅವಳು. ನಿಮಗೆ 2 ಎನಿಸಿದ್ದು ಅವಳಿಗೆ 4 ಆಗಿದ್ದರೆ ತಿದ್ದಬೇಡಿ, ಎರಡು ದಿನ ಬಿಟ್ಟು ‘ಈಗ ಎಷ್ಟು?’ ಎಂದು ಕೇಳಿ. ಅಂಕಿ ತಾನಾಗಿ ಇಳಿಯುವುದನ್ನು ಕಣ್ಣಾರೆ ನೋಡುವುದೇ ಅಭ್ಯಾಸ.

ಔಷಧದ ವಿಷಯ. ಯೋಚನೆಯ ಬಿಗಿತವನ್ನೇ ಸಡಿಲಿಸುವ ಗುಳಿಗೆ ಇಲ್ಲ. ರಿಸ್ಪೆರಿಡೋನ್, ಅರಿಪಿಪ್ರಜೋಲ್ ಕೊಡುವುದು ತೀವ್ರ ಸಿಡುಕು, ತನಗೋ ಇತರರಿಗೋ ಹಾನಿ ಮಾಡಿಕೊಳ್ಳುವ ಸ್ಥಿತಿಗೆ. ತೂಕ ಏರುವಂಥ ಅಡ್ಡಪರಿಣಾಮ ಇರುವುದರಿಂದ ಮನೋವೈದ್ಯರ ನಿಗಾ ಬೇಕೇಬೇಕು. ಆದರೆ ನಿಮ್ಮ ಪತ್ರದಲ್ಲಿ ನಮ್ಮನ್ನು ತಡೆದು ನಿಲ್ಲಿಸಿದ್ದು ಕೋಣೆ ಬಿಟ್ಟು ಬಾರದ ಮಾತು. ಆಟಿಸಂ ಇರುವ ಹದಿಹರೆಯದವರಲ್ಲಿ ಆತಂಕ, ಖಿನ್ನತೆ ಹೆಚ್ಚು, ಶಾಲೆಯಲ್ಲಿ ಎಲ್ಲರಂತೆ ಕಾಣಲು ದಿನವಿಡೀ ಹೆಣಗುವ ಹುಡುಗಿಯರಲ್ಲಿ ಅದು ಹೊರಗೆ ಕಾಣುವುದೂ ತಡ. ನಿದ್ದೆ, ಊಟ ಬದಲಾಗಿದ್ದರೆ, ಇಷ್ಟದ ವಿಷಯದಲ್ಲೂ ಆಸಕ್ತಿ ಹೋಗಿದ್ದರೆ, ಬದುಕು ಬೇಡ ಎಂಬ ಮಾತು ಬಂದರೆ ಈ ಅಭ್ಯಾಸಗಳನ್ನು ಪಕ್ಕಕ್ಕಿಟ್ಟು ಮೊದಲು ವೈದ್ಯರ ಹತ್ತಿರ ಹೋಗಿ. ಬದುಕು ಬೇಡ ಎಂದರೆ ಅವಳನ್ನು ಒಂಟಿಯಾಗಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವೇ ಇದೆ. ದೂರದ ಊರಿನವರು ಮಕ್ಕಳ ಬೆಳವಣಿಗೆಯ ತೊಂದರೆ ನೋಡುವ, ಜಿಲ್ಲಾಸ್ಪತ್ರೆಯ ಶೀಘ್ರ ಮಧ್ಯಸ್ಥಿಕಾ ಕೇಂದ್ರದಲ್ಲಿ ವಿಚಾರಿಸಬಹುದು. ಮಾತು–ಭಾಷೆಯ ತೊಂದರೆ ಇದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಹಗಲೂ ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮೊದಲ ಭೇಟಿಗೆ ಹೋಗುವಾಗ ಹಳೆಯ ವರದಿಗಳ ಜೊತೆ ಎರಡು ವಾರದ ನಿದ್ದೆಯ ಲೆಕ್ಕವನ್ನೂ, ಅವಳು ಒಪ್ಪಿದರೆ ಆ ಕಾರಣಗಳ ಹಾಳೆಗಳನ್ನೂ ಒಯ್ಯಿರಿ. ಮಾತಿಗಿಂತ ಬರಹದಲ್ಲಿ ಹೇಳಿಕೊಳ್ಳುವುದು ಅವಳಿಗೆ ಸುಲಭವಾದರೆ, ವೈದ್ಯರಿಗೆ ಏನು ಹೇಳಬೇಕೆಂದು ಹಿಂದಿನ ದಿನವೇ ಅವಳೇ ಬರೆದಿಟ್ಟುಕೊಳ್ಳಲಿ.